ರಾಜಗೋಪಾಲನಗರ: ಶಿಫ್ಟಿಗೂ ಶಾಲೆಗೂ ತಾಳವಿಲ್ಲ

ನೆಲಮಹಡಿಯಲ್ಲಿ ಲೇತ್ ಮಷೀನು, ಪಕ್ಕದ ಶೆಡ್ಡಿನಲ್ಲಿ ಪೌಡರ್ ಕೋಟಿಂಗ್, ಮೇಲಿನ ಮೂರು ಮಹಡಿ ಬಾಡಿಗೆ ಮನೆ. ಬೆಂಗಳೂರಿನ ರಾಜಗೋಪಾಲನಗರದ ಅಡ್ಡರಸ್ತೆಗಳಲ್ಲಿ ಕಾಣುವುದು ಹೆಚ್ಚಾಗಿ ಇಂಥ ಕಟ್ಟಡಗಳೇ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ, ಲಗ್ಗೆರೆ, ಹೆಗ್ಗನಹಳ್ಳಿಗಳಿಗೆ ಅಂಟಿಕೊಂಡು ಬೆಳೆದ ಬಡಾವಣೆ ಇದು. ದಾಸರಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ತುಮಕೂರು, ಹಾಸನ ಕಡೆಯಿಂದ ಬಂದು ನೆಲೆಯಾದವರ ಜೊತೆ ಈಗ ಯಾದಗಿರಿ, ರಾಯಚೂರಿನವರು, ಬಿಹಾರ, ಒಡಿಶಾದವರೂ ಇದ್ದಾರೆ.

ಇಂಥ ಕಡೆ ಸರ್ಕಾರಿ ಶಾಲೆಯ ದಾಖಲಾತಿ ಏರಿತೋ ಇಳಿಯಿತೋ ಎಂದು ಅಂಕಿ ನೋಡಿ ಹೇಳಿಬಿಡುವುದು ಸುಲಭವಲ್ಲ. ಕಾರ್ಖಾನೆಗೆ ಆರ್ಡರ್ ಕಡಿಮೆಯಾದರೆ ಸಂಸಾರ ಊರಿಗೆ ಹೊರಡುತ್ತದೆ, ಮಗುವಿನ ಹೆಸರು ಮಾತ್ರ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ. ಬಾಡಿಗೆ ಏರಿ ಮನೆ ನಾಲ್ಕು ಕ್ರಾಸ್ ಆಚೆ ಹೋದರೂ ಶಾಲೆ ಬದಲಾಗಬಹುದು. ಮೇಷ್ಟರು ಪಾಠ ಚೆನ್ನಾಗಿ ಮಾಡುತ್ತಾರೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನಿಯಮಗಳೂ ಈ ಏರಿಳಿತಕ್ಕೆ ಕೈ ಹಾಕಿವೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಸಿಗುತ್ತಿದ್ದ ಉಚಿತ ಸೀಟುಗಳು ರಾಜ್ಯದಲ್ಲಿ ಲಕ್ಷ ದಾಟಿದ್ದವು. 2019ರಲ್ಲಿ ಸರ್ಕಾರ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲವೆಂದಿತು. ಮೊದಲ ವರ್ಷವೇ ಸಂಖ್ಯೆ ಇಪ್ಪತ್ತು ಸಾವಿರದೊಳಗೆ ಬಂತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ಆಮೇಲೆ ಕೋವಿಡ್. ಫೀಸು ಕಟ್ಟಲಾಗದವರು ಮಕ್ಕಳನ್ನು ಕಾನ್ವೆಂಟಿನಿಂದ ಬಿಡಿಸಿ ಸರ್ಕಾರಿ ಶಾಲೆಗೆ ತಂದರು. ಸಂಬಳ ಮತ್ತೆ ಕೈಗೆ ಹತ್ತಿದ ಮೇಲೆ ಹಲವರು ಟಿ.ಸಿ. ಪಡೆದು ವಾಪಸು ಹೋದರು.

ಯಾಕೆ ಹೋದರು ಎಂದರೆ ಎಲ್ಲರೂ ‘ಇಂಗ್ಲಿಷಿಗೆ’ ಅನ್ನುತ್ತಾರೆ. ನಿಜವೇ. ಆದರೆ ಗಡಿಯಾರದ್ದೂ ಒಂದು ಪಾಲಿದೆ. ಗಾರ್ಮೆಂಟ್ಸಿಗೆ ಹೋಗುವ ತಾಯಿ ಎಂಟೂವರೆಗೆಲ್ಲ ಮನೆ ಬಿಡಬೇಕು. ಸರ್ಕಾರಿ ಶಾಲೆಯ ತರಗತಿ ಸಾಮಾನ್ಯವಾಗಿ ಶುರುವಾಗುವುದು ಹತ್ತರ ಹೊತ್ತಿಗೆ. ಖಾಸಗಿ ಶಾಲೆಯ ವ್ಯಾನು ಅವಳು ಹೊರಡುವ ಮುಂಚೆಯೇ ಬಾಗಿಲಿಗೆ ಬರುತ್ತದೆ. ಆರು ವರ್ಷದ ಮಗುವನ್ನು ಒಂದೂವರೆ ಗಂಟೆ ಯಾರ ಮನೆಯಲ್ಲಿ ಬಿಡುವುದು? ಹಾಲು, ಮೊಟ್ಟೆ, ಬಿಸಿಯೂಟ, ಪುಸ್ತಕ, ಸಮವಸ್ತ್ರ ಎಲ್ಲ ಕೊಟ್ಟರೂ ಈ ಒಂದೂವರೆ ಗಂಟೆಗೆ ಸರ್ಕಾರಿ ಶಾಲೆಯ ಬಳಿ ಉತ್ತರವಿಲ್ಲ.

ಇದನ್ನು ಹೇಳಿಕೊಳ್ಳಲು ಜಾಗ ಇಲ್ಲವೆಂದಲ್ಲ. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದರೆ ಸಭೆ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಕರೆದರೆ ಬರುವವರು ಯಾರು? ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ಅಟೆಂಡೆನ್ಸ್ ಬೋನಸ್ಸಿಗೂ ಕತ್ತರಿ. ಹಾಗಾಗಿ ಪೋಷಕರ ಅಭಿಪ್ರಾಯ ನಡಾವಳಿ ಪುಸ್ತಕಕ್ಕೆ ಏರುವುದಿಲ್ಲ, ಟಿ.ಸಿ. ಅರ್ಜಿಯಾಗಿ ಮುಖ್ಯಶಿಕ್ಷಕರ ಮೇಜಿಗೆ ಬರುತ್ತದೆ. ಅದರಲ್ಲಿ ಕಾರಣ ಬರೆಯುವ ಕಡೆ ‘ವಾಸಸ್ಥಳ ಬದಲಾವಣೆ’ ಎಂದಿದ್ದರೆ ಮುಗಿಯಿತು, ಯಾರೂ ಮುಂದೆ ಕೇಳುವುದಿಲ್ಲ.

ಶಾಲೆ ತುಂಬಿಸಲು ಜೂನ್‌ನಲ್ಲಿ ಜಾಥಾ ಮಾಡಿದರೆ ಸಾಲದು. ಕಾರ್ಖಾನೆ ಬಡಾವಣೆಯ ಶಾಲೆಗಳಾದರೂ ಪೋಷಕರ ಸಭೆಯನ್ನು ಭಾನುವಾರ ಇಟ್ಟುಕೊಳ್ಳಲಿ, ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೆದು ಮಕ್ಕಳನ್ನು ನೋಡಿಕೊಳ್ಳುವವರನ್ನು ಇಲಾಖೆ ನೇಮಿಸಲಿ. ಇನ್ನು ಹೊಸದಾಗಿ ನಗರಕ್ಕೆ ಬಂದ ಪೋಷಕರು ತಿಳಿದಿರಬೇಕಾದದ್ದು: ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಎಂಟನೇ ತರಗತಿವರೆಗೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ.