ಹಳೆಯ ಹೈಬ್ರಿಡ್ ಕಾರು: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

'ಹೈಬ್ರಿಡ್' ಎಂಬ ಮಾತು ನಮ್ಮ ಕಡೆಯ ಜನಕ್ಕೆ ಹೊಸದೇನೂ ಅಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಸೀಮೆಗಳಿಂದ ಗೋವೆಗೆ ಬಂದು ನೆಲೆಸಿದ ಕುಟುಂಬಗಳ ಹಿರಿಯರಿಗೆ ಹೈಬ್ರಿಡ್ ಜೋಳ ಗೊತ್ತು. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯೂ ಗೊತ್ತು. ಎರಡು ಬಗೆಯ ಗುಣಗಳು ಒಂದರಲ್ಲಿ ಕೂಡಿ ಬಂದರೆ ಅದು ಹೈಬ್ರಿಡ್. ಕಾರಿಗೂ ಇದೇ ಅರ್ಥ. ಪೆಟ್ರೋಲಿನಿಂದ ನಡೆಯುವ ಎಂಜಿನ್ ಮತ್ತು ವಿದ್ಯುತ್ತಿನಿಂದ ನಡೆಯುವ ಮೋಟಾರು ಎರಡೂ ಒಂದೇ ಗಾಡಿಯಲ್ಲಿದ್ದರೆ ಅದನ್ನು ಹೈಬ್ರಿಡ್ ಕಾರು ಎನ್ನುತ್ತಾರೆ.

ಇಂಥ ಕಾರುಗಳು ಈಗ ಸೆಕೆಂಡ್ ಹ್ಯಾಂಡ್ ಪೇಟೆಗೂ ಬರುತ್ತಿವೆ. "ಪೆಟ್ರೋಲ್ ಅರ್ಧಕ್ಕರ್ಧ ಉಳಿಯುತ್ತದೆ" ಎಂಬ ಮಾತನ್ನು ಕೇಳಿ ಅನೇಕರಿಗೆ ಆಸೆ ಹುಟ್ಟುವುದು ಸಹಜ. ಆದರೆ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಕಾರಿಗೆ ಹಾಕುವ ಹಣವೆಂದರೆ ಅದು ಹಲವು ವರ್ಷಗಳ ದುಡಿಮೆ. ಅದಕ್ಕೆ ಬ್ಯಾಂಕಿನ ಸಾಲವೂ ಸೇರಿರುತ್ತದೆ. ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟ ಹಣವೂ ಕೆಲವೊಮ್ಮೆ ಸೇರುತ್ತದೆ. ಆದ್ದರಿಂದ ಕೊಳ್ಳಬೇಕೆ ಬೇಡವೆ ಎಂಬುದನ್ನು ಹೇಗೆ ನಿಶ್ಚಯಿಸಬೇಕು ಎಂದು ಇಲ್ಲಿ ನಾವು ವಿಚಾರ ಮಾಡೋಣ.

ಎರಡು ಎತ್ತು, ಒಂದು ನೊಗ

ಹೈಬ್ರಿಡ್ ಕಾರು ಇಂದು ನಿನ್ನೆಯ ಕಲ್ಪನೆಯಲ್ಲ. ಫರ್ಡಿನಾಂಡ್ ಪೋರ್ಷೆ ಎಂಬ ತಂತ್ರಜ್ಞ 1900ರ ಸುಮಾರಿಗೇ ಎಂಜಿನ್ನು, ವಿದ್ಯುತ್ ಮೋಟಾರು ಎರಡನ್ನೂ ಕೂಡಿಸಿ ಗಾಡಿ ಕಟ್ಟಿದ್ದನು. ಆದರೆ ಸಾಮಾನ್ಯ ಜನರ ಬಳಕೆಗೆ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಹೈಬ್ರಿಡ್ ಎಂದರೆ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್. ನಮ್ಮ ದೇಶಕ್ಕೆ ಹೋಂಡಾ ಸಿವಿಕ್ ಹೈಬ್ರಿಡ್ 2008ರಲ್ಲಿಯೂ ಪ್ರಿಯಸ್ 2010ರಲ್ಲಿಯೂ ಬಂದವು. 2013ರಲ್ಲಿ ಬೆಂಗಳೂರಿನ ಸಮೀಪದ ಬಿಡದಿಯ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರಲ್ಲಿ ಹೋಂಡಾ ಸಿಟಿ, ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಇವುಗಳ ಹೈಬ್ರಿಡ್ ರೂಪಗಳು ಬಂದ ಮೇಲೆ ಮಧ್ಯಮ ವರ್ಗದವರ ಬಾಯಲ್ಲಿಯೂ ಈ ಹೆಸರು ಬಂತು.

ಇದರ ಕೆಲಸವನ್ನು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹೋಲಿಕೆಯಿಂದ ತಿಳಿಯಬಹುದು. ನಿಂತ ಗಾಡಿಯನ್ನು ಎಳೆದು ಹೊರಡಿಸುವಾಗ, ನಿಧಾನವಾಗಿ ಸಾಗುವಾಗ ಮೋಟಾರೆಂಬ ಎತ್ತು ಮುಂದು. ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವಾಗ ಎಂಜಿನ್ನೆಂಬ ಎತ್ತು ಮುಂದು. ಏರು ಬಂದಾಗ ಎರಡೂ ಕೂಡಿ ಎಳೆಯುತ್ತವೆ.

ಮೋಟಾರಿಗೆ ಬೇಕಾದ ವಿದ್ಯುತ್ತನ್ನು ಮನೆಯ ಪ್ಲಗ್ಗಿನಿಂದ ತುಂಬುವುದಿಲ್ಲ. ಸೈಕಲ್ಲಿನ ಡೈನಮೋ ಚಕ್ರಕ್ಕೆ ತಗುಲಿದಾಗ ದೀಪ ಹತ್ತುತ್ತದೆ, ಸೈಕಲ್ಲು ಸ್ವಲ್ಪ ಭಾರವಾಗುತ್ತದೆ. ಇದು ವಿದ್ಯಾರ್ಥಿಗಳು ವಿಜ್ಞಾನದ ಪಾಠದಲ್ಲಿ ಓದಿದ ವಿಷಯ. ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೋ ಆಗಿ ಗಾಡಿಯ ವೇಗವನ್ನು ತಗ್ಗಿಸುತ್ತ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. ಸಾಮಾನ್ಯ ಕಾರಿನಲ್ಲಿ ಬ್ರೇಕಿನ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ ಇಲ್ಲಿ ಸ್ವಲ್ಪ ಮಟ್ಟಿಗೆ ಮರಳಿ ಸಿಗುತ್ತದೆ. ಆದ್ದರಿಂದಲೇ ನಿಂತು ನಿಂತು ಸಾಗುವ ಪೇಟೆಯ ದಾರಿಯಲ್ಲಿ ಹೈಬ್ರಿಡ್ಡಿನ ಲಾಭ ಹೆಚ್ಚು. ಪಣಜಿ, ಮಡಗಾಂವ, ವಾಸ್ಕೋ ಪೇಟೆಗಳ ದಟ್ಟಣೆಯಲ್ಲಿ ಓಡಾಡುವವರಿಗೆ ಅದು ಉಪಯುಕ್ತ. ತಡೆಯಿಲ್ಲದ ಹೆದ್ದಾರಿಯಲ್ಲಿ ಲಾಭ ಕಡಿಮೆ. ಅನಮೋಡ ಘಾಟಿ ಹತ್ತಿ ಊರಿಗೆ ಹೋಗುವಾಗ ಎಂಜಿನ್ನೇ ದುಡಿಯಬೇಕು. ಇಳಿಯುವಾಗ ಬ್ಯಾಟರಿ ತುಂಬುತ್ತದೆ, ಆದರೆ ಬ್ಯಾಟರಿ ಚಿಕ್ಕದಾದುದರಿಂದ ಬೇಗ ತುಂಬಿ ಹೋಗುತ್ತದೆ. ಹೈರೈಡರ್ ಹೈಬ್ರಿಡ್ಡಿನ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಸುಮಾರು 0.76 ಯೂನಿಟ್ಟು ಮಾತ್ರ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರೆಯುವ ಒಂದು ಯೂನಿಟ್ಟಿಗಿಂತಲೂ ಕಡಿಮೆ!

ಹೆಸರಿಗೆ ಹೈಬ್ರಿಡ್, ಕೆಲಸಕ್ಕೆ ಹೈಬ್ರಿಡ್

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. 2015ರಲ್ಲಿ ಮಾರುತಿಯವರ ಸಿಯಾಜ್, ಎರ್ಟಿಗಾ ಡೀಸೆಲ್ ಕಾರುಗಳು 'ಸ್ಮಾರ್ಟ್ ಹೈಬ್ರಿಡ್' ಎಂಬ ಹೆಸರಿನಿಂದ ಬಂದವು. ಇವುಗಳಲ್ಲಿ ಚಿಕ್ಕ ಮೋಟಾರೊಂದು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯಲಾರದು. ಇವನ್ನು ಮೈಲ್ಡ್ ಹೈಬ್ರಿಡ್ ಎನ್ನುತ್ತಾರೆ. ಮೋಟಾರೊಂದರಿಂದಲೇ ಸ್ವಲ್ಪ ದೂರವಾದರೂ ಸಾಗಬಲ್ಲದ್ದು ಸ್ಟ್ರಾಂಗ್ ಹೈಬ್ರಿಡ್. ಪ್ರಿಯಸ್, ಕ್ಯಾಮ್ರಿ ಹೈಬ್ರಿಡ್‌ಗಳು ಈ ಜಾತಿಯವು.

ಹೈರೈಡರ್, ಗ್ರ್ಯಾಂಡ್ ವಿಟಾರಾ ಕಾರುಗಳಲ್ಲಿ ಎರಡೂ ಬಗೆಗಳುಂಟು. ಮೇಲುನೋಟಕ್ಕೆ ಎರಡೂ ಒಂದೇ. ಆದ್ದರಿಂದ 'ಹೈಬ್ರಿಡ್' ಎಂದು ಬಾಯಲ್ಲಿ ಹೇಳಿದ್ದನ್ನು ನಂಬದೆ, ಯಾವ ಬಗೆ ಎಂದು ಕೇಳಿ, ಓಡಿಸಿ ನೋಡಬೇಕು. ಈ ಎರಡು ಕಾರುಗಳಲ್ಲಿ ಕ್ಲಚ್ ಪೆಡಲ್ ಇದ್ದರೆ ಅದು ಖಂಡಿತವಾಗಿ ಸ್ಟ್ರಾಂಗ್ ಹೈಬ್ರಿಡ್ ಅಲ್ಲ. ಮೈಲ್ಡ್ ಹೈಬ್ರಿಡ್ ಕೊಳ್ಳುವುದು ತಪ್ಪೆಂದಲ್ಲ. ಅದಕ್ಕೆ ಸ್ಟ್ರಾಂಗ್ ಹೈಬ್ರಿಡ್ಡಿನ ಬೆಲೆ ಕೊಡುವುದು ತಪ್ಪು.

ಬ್ಯಾಟರಿಯ ವಯಸ್ಸು

ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಫಲ ಬರುವುದಿಲ್ಲವೆಂದು ರೈತರು ಬಲ್ಲರು. ಹಳೆಯ ಹೈಬ್ರಿಡ್ ಕಾರಿನಲ್ಲಿಯೂ ವರ್ಷಗಳು ಕಳೆದಂತೆ ಸೊರಗುವ ಒಂದು ಭಾಗವಿದೆ. ಅದೇ ದೊಡ್ಡ ಬ್ಯಾಟರಿ.

2013ರ ಕ್ಯಾಮ್ರಿ ಹೈಬ್ರಿಡ್ಡಿನ ಬ್ಯಾಟರಿಯನ್ನು ನೋಡೋಣ. ಅದು ನಿಕೆಲ್ ಮೆಟಲ್ ಹೈಡ್ರೈಡ್ ಬಗೆಯದು. ಒಂದು ಕೋಶಕ್ಕೆ 1.2 ವೋಲ್ಟು, ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದ 204 ಕೋಶಗಳು, ಒಟ್ಟು 244.8 ವೋಲ್ಟು. ಸರಣಿ ಜೋಡಣೆಯಲ್ಲಿ ಒಂದು ಕೋಶ ಸೊರಗಿದರೂ ಅದರ ದೋಷ ಇಡೀ ಸಾಲಿಗೆ ತಟ್ಟುತ್ತದೆ. ಹೀಗಾಗಿ ಬ್ಯಾಟರಿ ಕೆಟ್ಟಿತೆಂದರೆ ಬರುವ ಖರ್ಚು ಸಾವಿರದ ಮಾತಲ್ಲ, ಲಕ್ಷದ ಮಾತಾಗಬಹುದು.

2022ರ ನಂತರ ಬಂದ ಮೇಲಿನ ಮೂರು ಹೈಬ್ರಿಡ್‌ಗಳಿಗೆ ತಯಾರಕರು ಬ್ಯಾಟರಿಯ ಮೇಲೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಟ್ಟಿದ್ದಾರೆ. 2022ರ ಕಾರು 50,000 ಕಿ.ಮೀ. ಓಡಿದ್ದರೆ ಬ್ಯಾಟರಿಗೆ 2030ರವರೆಗೆ ಆಸರೆಯುಂಟು. ಅದೇ ವರ್ಷದ ಕಾರು 1,60,000 ದಾಟಿದ್ದರೆ ಆಸರೆ ಮುಗಿಯಿತು. ಎರಡನೆಯ ಮಾಲಿಕರಿಗೆ ವಾರಂಟಿ ವರ್ಗವಾಗುವುದೇ, ಸರ್ವಿಸ್ ತಪ್ಪಿಸಿದ್ದರಿಂದ ಅದು ರದ್ದಾಗಿದೆಯೇ ಎಂಬುದನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ ತಿಳಿಯಬೇಕು. ಹೊಸ ಬ್ಯಾಟರಿಗೆ ಕೂಲಿ ಸಹಿತ ಎಷ್ಟಾಗುತ್ತದೆ ಎಂಬುದನ್ನೂ ಅಲ್ಲಿಯೇ ಬರೆಸಿಕೊಳ್ಳಬೇಕು. ಈ ಅಂಕಿ ಕೈಯಲ್ಲಿಲ್ಲದೆ ಹಳೆಯ ಹೈಬ್ರಿಡ್ಡಿನ ಚೌಕಾಸಿಗೆ ಕೂಡಲೇಬಾರದು.

ಪೆಟ್ರೋಲಿನ ಲೆಕ್ಕ

ಇನ್ನು ಉಳಿತಾಯದ ಲೆಕ್ಕ. ಜಾಹೀರಾತಿನ ಮೈಲೇಜು ಪರೀಕ್ಷಾಲಯದ್ದು. ರಸ್ತೆಯಲ್ಲಿ ಬರುವುದು ಅದಕ್ಕಿಂತ ಕಡಿಮೆ. ಉದಾಹರಣೆಗೆ ಸಾಮಾನ್ಯ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಹಳೆಯ ಹೈಬ್ರಿಡ್ಡು 20 ಕಿ.ಮೀ. ಓಡುತ್ತದೆಂದು ಹಿಡಿಯೋಣ. ಲೆಕ್ಕದ ಅನುಕೂಲಕ್ಕೆ ಪೆಟ್ರೋಲ್ ಬೆಲೆ ಲೀಟರಿಗೆ 100 ರೂಪಾಯಿ ಇರಲಿ.

ಒಂದು ಮನೆಯವರು ತಿಂಗಳಿಗೆ 500 ಕಿ.ಮೀ., ಅಂದರೆ ವರ್ಷಕ್ಕೆ 6,000 ಕಿ.ಮೀ. ಓಡಿಸುತ್ತಾರೆ. ಪೆಟ್ರೋಲ್ ಕಾರಿಗೆ 400 ಲೀಟರು, ಹೈಬ್ರಿಡ್ಡಿಗೆ 300 ಲೀಟರು ಬೇಕು. ಉಳಿತಾಯ 100 ಲೀಟರು, ಅಂದರೆ 10,000 ರೂಪಾಯಿ.

ಇನ್ನೊಬ್ಬರು ಕೆಲಸದ ನಿಮಿತ್ತ ತಿಂಗಳಿಗೆ 2,000 ಕಿ.ಮೀ., ವರ್ಷಕ್ಕೆ 24,000 ಕಿ.ಮೀ. ಓಡಿಸುತ್ತಾರೆ. ಅವರಿಗೆ 1,600 ಲೀಟರಿನ ಬದಲು 1,200 ಲೀಟರು ಸಾಕು. ಉಳಿತಾಯ 40,000 ರೂಪಾಯಿ.

ಅದೇ ವಯಸ್ಸಿನ, ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್ಡಿಗೆ ಕೊಡಬೇಕಾದ ಹೆಚ್ಚಿನ ಬೆಲೆ ಮತ್ತು ಬ್ಯಾಟರಿಗೆಂದು ತೆಗೆದಿಡಬೇಕಾದ ಹಣ ಎರಡೂ ಕೂಡಿ 2,00,000 ರೂಪಾಯಿ ಆಯಿತೆನ್ನಿ. ಎರಡನೆಯವರಿಗೆ ಆ ಹಣ 5 ವರ್ಷಗಳಲ್ಲಿ ಮರಳುತ್ತದೆ. ಮೊದಲಿನವರಿಗೆ 20 ವರ್ಷ ಬೇಕು. ಅಷ್ಟು ಕಾಲ ಕಾರೇ ಬಾಳುವುದಿಲ್ಲ! ಒಂದೇ ಕಾರು, ಒಂದೇ ಬೆಲೆ. ಆದರೂ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಈ ಲೇಖನದ ತಿರುಳೇ ಇದು. ಸಾಲ ಮಾಡಿದ್ದರೆ ಬಡ್ಡಿಯನ್ನೂ ಕೂಡಿಸಬೇಕು.

ಹೆಚ್ಚು ಓಡುತ್ತದೆಂದು ಬಾಡಿಗೆಗೆ ಬಿಡುವ ವಿಚಾರವಿದ್ದರೆ ಇನ್ನೊಂದು ಮಾತು: ಬಿಳಿ ನಂಬರ್ ಪ್ಲೇಟಿನ ಖಾಸಗಿ ಕಾರನ್ನು ಟ್ಯಾಕ್ಸಿಯಾಗಿ ಓಡಿಸುವುದು ಕಾನೂನಿಗೆ ವಿರುದ್ಧ.

ಕಣ್ಣಾರೆ ನೋಡಬೇಕಾದದ್ದು

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಹಿಡಿದು ವಯಸ್ಸು ನೋಡುತ್ತಾರೆ, ನಡೆಸಿ ಕಾಲು ನೋಡುತ್ತಾರೆ. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಕಾರಿಗೂ ಇದೇ ನ್ಯಾಯ.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಿರಿ. ಕಾರನ್ನು ಚಾಲೂ ಮಾಡಿದಾಗ ಎಚ್ಚರಿಕೆಯ ದೀಪಗಳೆಲ್ಲ ಹತ್ತಿ ಆರಬೇಕು. ಸ್ಕ್ಯಾನರಿನಿಂದ ದೋಷವನ್ನು ಹಿಂದಿನ ದಿನವೇ ಅಳಿಸಿಟ್ಟಿದ್ದರೆ ಸ್ವಲ್ಪ ದೂರ ಓಡಿದ ಮೇಲೆ ದೀಪ ಮತ್ತೆ ಹತ್ತುವುದುಂಟು. ಆದುದರಿಂದ ಏರು, ಇಳಿಜಾರು, ಪೇಟೆ ಮೂರೂ ಇರುವ ದಾರಿಯಲ್ಲಿ 20–30 ಕಿ.ಮೀ. ಆದರೂ ಎ.ಸಿ. ಹಾಕಿಕೊಂಡು ಓಡಿಸಬೇಕು. ಬ್ಯಾಟರಿಯ ಮಟ್ಟ ತೋರಿಸುವ ಪಟ್ಟಿ ಸರ್ರನೆ ಏರಿ ಸರ್ರನೆ ಇಳಿಯುತ್ತಿದ್ದರೆ ಬ್ಯಾಟರಿ ದಣಿದಿದೆ ಎಂದು ಶಂಕಿಸಬೇಕು.

ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಹಿಂದಿನ ಸೀಟಿನ ಬಳಿಯ ಕಿಂಡಿಯಿಂದ ಹೋಗುತ್ತದೆ. ಗೋವೆಯ ಕೆಂಪು ಧೂಳು ಆ ಕಿಂಡಿಯನ್ನು ಕಟ್ಟಿದರೆ ಬ್ಯಾಟರಿ ಕಾಯ್ದು ಅದರ ಆಯುಸ್ಸು ಕುಗ್ಗುತ್ತದೆ. ಸಮುದ್ರದ ಉಪ್ಪುಗಾಳಿಯಿಂದ ಕೆಳಭಾಗದಲ್ಲಿ ತುಕ್ಕು ಹಿಡಿದಿದೆಯೇ ಎಂದೂ ಬಗ್ಗಿ ನೋಡಬೇಕು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿದ ಕಾರೋ ಎಂದು ತಿಳಿಯಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿರಿ. ನೀರು ಕುಡಿದ ಹೈಬ್ರಿಡ್ ಎಷ್ಟು ಅಗ್ಗವಾದರೂ ಬೇಡ.

ವಿದ್ಯಾರ್ಥಿಗಳಿಗೊಂದು ಎಚ್ಚರಿಕೆ. ಕಿತ್ತಳೆ ಬಣ್ಣದ ಹೊದಿಕೆಯ ದಪ್ಪ ತಂತಿಗಳನ್ನು ಮುಟ್ಟಬಾರದು. ಮನೆಯ ವಿದ್ಯುತ್ತು 230 ವೋಲ್ಟು. ಕ್ಯಾಮ್ರಿಯ ಬ್ಯಾಟರಿ ಅದಕ್ಕೂ ಹೆಚ್ಚು. ತರಬೇತಿ ಇಲ್ಲದ ಮೆಕ್ಯಾನಿಕ್ಕಿನ ಕೈಯಲ್ಲಿ ಅದನ್ನು ಬಿಚ್ಚಿಸುವುದೂ ಪ್ರಾಣಕ್ಕೆ ಅಪಾಯ. ಹೈಬ್ರಿಡ್ ಬಲ್ಲ ಸರ್ವಿಸ್ ಸೆಂಟರಿನಲ್ಲಿ ಹಣ ಕೊಟ್ಟು ಬ್ಯಾಟರಿಯ ಪರೀಕ್ಷೆ ಮಾಡಿಸಿ, ವರದಿ ಪಡೆಯಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಮಾತು ಮುಗಿಸಬಹುದು.

ಕಾಗದಪತ್ರ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ. 2014ರಲ್ಲಿ ನೋಂದಣಿಯಾದ ಕಾರಿಗೆ 2029ರಲ್ಲಿ ಮತ್ತೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಮಾಲಿಕತ್ವ ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಬ್ಯಾಂಕಿನ ಸಾಲವಿದ್ದ ಕಾರಾದರೆ ಸಾಲ ತೀರಿದ ಪತ್ರ ಹಾಗೂ ಫಾರ್ಮ್ 35 ಬೇಕು. ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಅಗ್ಗವೆಂದು ಕೊಂಡು ತರುವವರು ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ಮೂಲಕ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಬೇರೆ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಗೋವೆಯ ನೋಂದಣಿ ಮಾಡಿಸಿ, ರಸ್ತೆ ತೆರಿಗೆ ಕಟ್ಟಬೇಕು. ಆ ತೆರಿಗೆಯೂ ಕಾರಿನ ಬೆಲೆಯ ಭಾಗವೇ. ವಿಮೆಯನ್ನು ಕೊಂಡ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು.

ತೀರ್ಮಾನ

ಮೇಲಿನದನ್ನೆಲ್ಲ ಕೂಡಿಸಿ ನೋಡಿದರೆ ನಮಗೆ ತೋರುವುದು ಇಷ್ಟು. ಬ್ಯಾಟರಿಯ ವಾರಂಟಿ ಇನ್ನೂ ಮೂರು ನಾಲ್ಕು ವರ್ಷ ಉಳಿದಿರುವ, ಸರ್ವಿಸ್ ದಾಖಲೆ ಸರಿಯಾಗಿರುವ ಹೈಬ್ರಿಡ್ಡು ಪೇಟೆಯಲ್ಲಿ ಹೆಚ್ಚು ಓಡಾಡುವವರಿಗೆ ಒಳ್ಳೆಯ ಖರೀದಿ. ಹತ್ತು ವರ್ಷ ದಾಟಿದ ಹೈಬ್ರಿಡ್ಡನ್ನು, ಕೇಳುವ ಬೆಲೆಗೆ ಹೊಸ ಬ್ಯಾಟರಿಯ ಬೆಲೆಯನ್ನು ಕೂಡಿಸಿದ ಮೇಲೂ ಸರಿಸಮಾನ ಪೆಟ್ರೋಲ್ ಕಾರಿಗಿಂತ ಹೆಚ್ಚಾಗದಿದ್ದರೆ ಮಾತ್ರ ಯೋಚಿಸಬಹುದು. ಕ್ಯಾಮ್ರಿಯಂಥ ದೊಡ್ಡ ಕಾರು ಹಳೆಯದಾದಾಗ ಅಗ್ಗಕ್ಕೆ ಸಿಕ್ಕೀತು. ಆದರೆ ಆನೆಯನ್ನು ಅಗ್ಗಕ್ಕೆ ಕೊಂಡರೂ ಅದರ ಮೇವು ಅಗ್ಗವಾಗುವುದಿಲ್ಲ. ಅದರ ಬಿಡಿಭಾಗಗಳಿಗೆ ದೊಡ್ಡ ಕಾರಿನ ಬೆಲೆಯೇ ಇರುತ್ತದೆ. ವಾರಕ್ಕೊಮ್ಮೆ ಪೇಟೆಗೆ, ವರ್ಷಕ್ಕೆರಡು ಸಲ ಊರಿಗೆ ಹೋಗುವ ಮನೆಗೆ ಚೆನ್ನಾಗಿ ನೋಡಿಕೊಂಡ ಸಣ್ಣ ಪೆಟ್ರೋಲ್ ಕಾರೇ ಲೇಸು.

ವಿದ್ಯಾರ್ಥಿಗಳೇ, ಮನೆಯಲ್ಲಿ ಕಾರಿನ ಮಾತು ಬಂದಾಗ ಒಂದು ಹಾಳೆ ತೆಗೆದುಕೊಂಡು ತಂದೆತಾಯಿಯರೊಡನೆ ಕುಳಿತುಕೊಳ್ಳಿರಿ. ತಿಂಗಳಿಗೆ ಎಷ್ಟು ಕಿಲೋಮೀಟರು, ಬೆಲೆಯಲ್ಲಿ ಎಷ್ಟು ವ್ಯತ್ಯಾಸ, ಬ್ಯಾಟರಿಗೆ ಎಷ್ಟು, ವರ್ಷಕ್ಕೆ ಉಳಿಯುವುದೆಷ್ಟು ಎಂಬ ನಾಲ್ಕು ಅಂಕಿಗಳನ್ನು ಬರೆದು ಭಾಗಾಕಾರ ಮಾಡಿರಿ. ಏಳನೆಯ ತರಗತಿಯ ಗಣಿತ ಸಾಕು. ಮುಂಗಡ ಹಣ ಕೊಡುವುದಕ್ಕೆ ಮೊದಲು ಈ ಲೆಕ್ಕ ಮುಗಿದಿರಲಿ.