ಕಂಬಗಳನ್ನು ಮರೆಮಾಚದ ಸ್ಯಾನ್ ಸಿರೊ

ಮೇಲಂತಸ್ತಿಗೂ ಚಾವಣಿಗೂ ಕಂಬ ಬೇಕು. ಕಂಬದ ಹಿಂದೆ ಕೂತವನಿಗೆ ಮಾತ್ರ ಅರ್ಧ ಆಟವೇ ಸಿಗುವುದು. ಕ್ರೀಡಾಂಗಣ ಕಟ್ಟುವವರ ಹಳೆಯ ಪೇಚಾಟವಿದು. ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ 1926ರಲ್ಲಿ ಆರ್ಚಿಬಾಲ್ಡ್ ಲೀಚ್ ವಿನ್ಯಾಸದ ಸ್ಟ್ಯಾಂಡ್ ಎದ್ದಾಗ ಕಂಬಗಳು ಪ್ರೇಕ್ಷಕರ ನಡುವೆಯೇ ನಿಂತವು. ಅದೇ ವರ್ಷ ಇಟಲಿಯ ಮಿಲಾನ್‌ನಲ್ಲಿ ಸ್ಯಾನ್ ಸಿರೊ ಫುಟ್‌ಬಾಲ್ ಕ್ರೀಡಾಂಗಣ ಶುರುವಾಯಿತು. ಇಂದು ಅದರ ಗುರುತೇ ಅದರ ಕಂಬಗಳು.

1955ರಲ್ಲಿ ಹಳೆಯ ಸ್ಟ್ಯಾಂಡ್‌ಗಳನ್ನು ಸುತ್ತುವರಿದು ಎರಡನೇ ಅಂತಸ್ತು ಬಂತು. 1990ರ ವಿಶ್ವಕಪ್ ಹತ್ತಿರವಾದಾಗ ಮೂರನೆಯದೂ, ಅದರ ಮೇಲೊಂದು ಚಾವಣಿಯೂ ಬೇಕೆನಿಸಿತು. ಅಷ್ಟು ಭಾರವನ್ನು ಹಳೆಯ ಕಟ್ಟಡದ ಹೆಗಲಿಗೆ ಹೊರಿಸಲಿಲ್ಲ. ವಾಸ್ತುಶಿಲ್ಪಿಗಳಾದ ಜಾನ್‌ಕಾರ್ಲೊ ರಗಾಟ್ಸಿ, ಎನ್ರಿಕೊ ಹೋಫರ್ ಮತ್ತು ಎಂಜಿನಿಯರ್ ಲಿಯೊ ಫಿನ್ಸಿ ಹೊರಗಿನಿಂದಲೇ 11 ದುಂಡನೆಯ ಕಾಂಕ್ರೀಟ್ ಗೋಪುರಗಳನ್ನು ನಿಲ್ಲಿಸಿದರು. ಗೋಪುರದಿಂದ ಗೋಪುರಕ್ಕೆ ಹಾಯ್ದ ಕಾಂಕ್ರೀಟ್ ತೊಲೆಗಳ ಮೇಲೆ ಮೂರನೇ ಅಂತಸ್ತು ಕೂತಿತು. ಕುದುರೆ ರೇಸಿನ ಮೈದಾನ ಪಕ್ಕದಲ್ಲೇ ಇದ್ದುದರಿಂದ ಒಂದು ಬದಿಯಲ್ಲಿ ಆ ಅಂತಸ್ತೇ ಇಲ್ಲ.

ಮೂಲೆಯ ನಾಲ್ಕು ಗೋಪುರಗಳು ಉಳಿದವುಗಳಿಗಿಂತ ಎತ್ತರ. ಕೆಂಪು ಬಣ್ಣದ ಭಾರಿ ಉಕ್ಕಿನ ತೊಲೆಗಳು ಅವುಗಳ ಮೇಲೆ ನಿಂತಿವೆ. ಆ ತೊಲೆಗಳು ಚಾವಣಿಯನ್ನು ಹೊತ್ತಿವೆ. ಹೀಗಾಗಿ ಚಾವಣಿಗೆಂದು ಪ್ರೇಕ್ಷಕರ ನಡುವೆ ಒಂದೂ ಕಂಬ ಇಳಿದಿಲ್ಲ. ಗೋಪುರಗಳಿಗೆ ಇನ್ನೊಂದು ಕೆಲಸವೂ ಇದೆ: ಮೈಗೆ ಸುತ್ತಿಕೊಂಡ ಇಳಿಜಾರು ದಾರಿಗಳಲ್ಲಿ ಜನರನ್ನು ಮೇಲಕ್ಕೆ ಹತ್ತಿಸಿ ಇಳಿಸುವುದು. ಪಂದ್ಯ ಮುಗಿದಾಗ ರಸ್ತೆಯಲ್ಲಿ ನಿಂತವರಿಗೆ, ಗೋಪುರಗಳ ಸುತ್ತ ತಿರುಗುತ್ತ ತಿರುಗುತ್ತ ಇಳಿದು ಬರುವ ಜನಸಾಗರ ಕಾಣುತ್ತದೆ.

ಬೆಳಕಿನ ವಿಷಯದಲ್ಲೂ ಈ ಚಾವಣಿ ನೆರವಿಗೆ ಬಂತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೀಪಗಳಿಗೆಂದೇ ಪ್ರತ್ಯೇಕ ಗೋಪುರಗಳಿವೆ. ಅಂಥ ಗೋಪುರ ಹೊರುವುದು ಬರೀ ದೀಪಗಳ ತೂಕವನ್ನಲ್ಲ. ದೀಪದ ಚೌಕಟ್ಟಿಗೆ ಬಡಿಯುವ ಗಾಳಿಯ ಹೊಡೆತವನ್ನೂ ತಾಳಿಕೊಂಡು ಅಲುಗದೆ ನಿಲ್ಲಬೇಕು. ಅದಕ್ಕೇ ಬುಡ ಅಗಲ, ಅಡಿಪಾಯ ಗಟ್ಟಿ. ನಾಲ್ಕು ಮೂಲೆಗಳಿಂದಷ್ಟೇ ಬೆಳಕು ಬಿದ್ದರೆ ಒಬ್ಬ ಆಟಗಾರನ ಕಾಲ ಬುಡದಿಂದ ನಾಲ್ಕು ನೆರಳು ಹೊರಡುತ್ತವೆ. ಸ್ಯಾನ್ ಸಿರೊದಂತೆ ಚಾವಣಿಯ ಅಂಚಿನುದ್ದಕ್ಕೂ ದೀಪಗಳನ್ನು ಸಾಲಾಗಿ ಹಂಚಿದರೆ ನೆರಳು ತಿಳಿಯಾಗುತ್ತದೆ.

ಇದಕ್ಕೆಲ್ಲ ಬೆಲೆ ತೆತ್ತದ್ದು ಹುಲ್ಲು. ಎತ್ತರದ ಅಂತಸ್ತು, ಚಾವಣಿಗಳು ಬಿಸಿಲು, ಗಾಳಿಯನ್ನು ತಡೆದವು. ಅಂಕಣದ ಹುಲ್ಲನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು. ಕೊನೆಗೆ 2012ರಲ್ಲಿ ಸಹಜ ಹುಲ್ಲಿನ ಜೊತೆ ಕೃತಕ ಎಳೆಗಳನ್ನು ಬೆರೆಸಿದರು.

2025ರ ನವೆಂಬರಿನಲ್ಲಿ ಎ.ಸಿ. ಮಿಲಾನ್ ಮತ್ತು ಇಂಟರ್ ಕ್ಲಬ್‌ಗಳು ನಗರಾಡಳಿತದಿಂದ ಈ ಕ್ರೀಡಾಂಗಣವನ್ನು ಕೊಂಡುಕೊಂಡವು. ಪಕ್ಕದಲ್ಲಿ ಹೊಸದನ್ನು ಕಟ್ಟಿ, ಇದರ ಬಹುಭಾಗವನ್ನು ಕೆಡವುವುದು ಅವುಗಳ ಯೋಜನೆ. ಇಟಲಿಯಲ್ಲಿ ಸಾರ್ವಜನಿಕ ಒಡೆತನದ ಕಟ್ಟಡಕ್ಕೆ 70 ವರ್ಷ ತುಂಬಿದರೆ ಪರಂಪರೆಯ ರಕ್ಷಣೆ ಸಿಗುತ್ತದೆ. ಮಾರಾಟದ ಹೊತ್ತಿಗೆ ಆ ವಯಸ್ಸಿನ ಹೊಸ್ತಿಲಲ್ಲಿದ್ದದ್ದು 1955ರ ಎರಡನೇ ಅಂತಸ್ತು. ಜಗತ್ತು ಸ್ಯಾನ್ ಸಿರೊ ಎಂದು ಗುರುತಿಸುವ ಗೋಪುರಗಳಿಗೆ ಇನ್ನೂ 40 ಕೂಡ ತುಂಬಿರಲಿಲ್ಲ.