ಗಾಳಿಗೆ ಹಾರಿದ ಛಾವಣಿ, ಯಾರೂ ಓದದ ಪಾಲಿಸಿ

ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ ಬೀಸುವ ಬಿರುಗಾಳಿ ಬಾಗಲಕೋಟೆ ಜಿಲ್ಲೆಗೆ ಹೊಸದೇನಲ್ಲ. ಅರ್ಧ ಗಂಟೆಯ ಗಾಳಿಗೆ ಪತ್ರಾಸುಗಳು ಕಿತ್ತು ಪಕ್ಕದ ಹೊಲಕ್ಕೆ ಬೀಳುತ್ತವೆ. ಅವುಗಳ ಮೇಲೆ ಹೇರಿದ್ದ ಕಲ್ಲುಗಳು ಪಡಸಾಲೆಗೆ ಉರುಳುತ್ತವೆ. ಮರುದಿನ ಕಂದಾಯ ಸಿಬ್ಬಂದಿಯ ಭೇಟಿ, ಪಂಚನಾಮೆ, ಪರಿಹಾರದ ಭರವಸೆ. ಈ ಸರಣಿಯಲ್ಲಿ ಗೃಹವಿಮೆ ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ಬೆಳೆವಿಮೆಯ ಕಂತು ತುಂಬುವ ರೈತನೂ ಪೊಲೀಸರ ಭಯಕ್ಕಾದರೂ ಬೈಕಿಗೆ ವಿಮೆ ಮಾಡಿಸುವ ಯುವಕನೂ ಜೀವಮಾನದ ಗಳಿಕೆ ಸುರಿದು ಕಟ್ಟಿದ ಮನೆಯನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಬಿಡುತ್ತಾರೆ. ಅದಕ್ಕೆ ಅವರನ್ನಷ್ಟೇ ದೂರಿ ಫಲವಿಲ್ಲ.

ಸರ್ಕಾರದ ಪರಿಹಾರವೇ ನಷ್ಟಭರ್ತಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪಂಚನಾಮೆಗಳಿಗೆ ಸಹಿ ಹಾಕುತ್ತಲೇ ಎಷ್ಟೋ ಮಳೆಗಾಲಗಳನ್ನು ಕಳೆದ ನಾನು ಬಲ್ಲಂತೆ, ಪರಿಹಾರವೆಂಬುದು ತತ್ಕಾಲದ ಆಸರೆಯೇ ಹೊರತು ಮನೆಯ ಬೆಲೆಯಲ್ಲ. ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ಪರಿಷ್ಕರಿಸಿ, 2025–26ರವರೆಗಿನ ಅವಧಿಗೆ ನಿಗದಿಪಡಿಸಿದ ಮಾನದಂಡದಂತೆ ಬಯಲುಸೀಮೆಯಲ್ಲಿ ಪೂರ್ಣ ಹಾನಿಯಾದ ಮನೆಗೆ 1.20 ಲಕ್ಷ ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಹಾನಿ ಕನಿಷ್ಠ ಶೇ 15ರಷ್ಟಿದ್ದರೆ. ಗಾಳಿಗೆ ಛಾವಣಿ ಹೋಗಿ ಗೋಡೆಗಳು ನಿಂತಿದ್ದರೆ ಅದು ಸಾಮಾನ್ಯವಾಗಿ ‘ಭಾಗಶಃ’ ಎಂಬ ಕಲಮಿಗೇ ಸೇರುತ್ತದೆ. ಆ ಹಣದಲ್ಲಿ ಒಂದು ಪಡಸಾಲೆಗೆ ಸಾಲುವಷ್ಟು ತಗಡೂ ಬರಲಾರದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆಗಳು ಉಕ್ಕಿದಾಗ ರಾಜ್ಯ ಸರ್ಕಾರ ಸಂಪೂರ್ಣ ಕುಸಿದ ಮನೆಗಳಿಗೆ 5 ಲಕ್ಷ ಘೋಷಿಸಿದ್ದು ನಿಜ. ಆದರೆ ಅದು ಆ ವರ್ಷದ ಮಹಾಪೂರಕ್ಕೆ ಸಿಕ್ಕ ಉದಾರತೆ. ಹುನಗುಂದದ ಒಂದು ಓಣಿಯಲ್ಲಿ ಹತ್ತು ಮನೆಗಳ ಮೇಲೆ ಹಾದುಹೋದ ಸುಂಟರಗಾಳಿಗೆ ಅಂಥ ಘೋಷಣೆಯನ್ನು ಯಾರೂ ನಿರೀಕ್ಷಿಸಬಾರದು.

ವಿಮೆಯ ಕಡೆಗೆ ಬರೋಣ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಸೂಚನೆಯಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂದಿದೆ. ಬೆಂಕಿ, ಸಿಡಿಲು, ಭೂಕಂಪಗಳ ಜೊತೆಗೆ ಬಿರುಗಾಳಿ, ಚಂಡಮಾರುತ, ಪ್ರವಾಹ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಛಾವಣಿ ಹಾರಿ ಮನೆ ಬಯಲಾದ ಮೇಲೆ ಏಳು ದಿನಗಳೊಳಗೆ ಕಳವಾದರೆ ಅದಕ್ಕೂ ರಕ್ಷಣೆಯುಂಟು. ಹಳೆಯ ಪಾಲಿಸಿಗಳಲ್ಲಿ ಒಂದು ಕಂಟಕವಿತ್ತು: 10 ಲಕ್ಷ ಬಾಳುವ ಮನೆಗೆ 5 ಲಕ್ಷದ ವಿಮೆ ಮಾಡಿಸಿದ್ದರೆ, 2 ಲಕ್ಷದ ನಷ್ಟಕ್ಕೆ 1 ಲಕ್ಷವೇ ಸಿಗುತ್ತಿತ್ತು. ಗೃಹ ರಕ್ಷಾ ಪಾಲಿಸಿಯಲ್ಲಿ ಆ ಕಡಿತವನ್ನು ಕೈಬಿಡಲಾಗಿದೆ. ಸಾಧಾರಣ ಮನೆಯ ವರ್ಷದ ಕಂತು ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆಗಿಂತ ಕಡಿಮೆ.

ವಿಮಾ ಮೊತ್ತವನ್ನು ನಿವೇಶನದ ಬೆಲೆ ಸೇರಿಸಿ ಲೆಕ್ಕ ಹಾಕುವವರಿದ್ದಾರೆ. ಬಾಗಲಕೋಟೆಯ ನವನಗರದಲ್ಲಿ ನಿವೇಶನದ ಬೆಲೆ ಎಷ್ಟೇ ಏರಿರಲಿ, ಗಾಳಿ ಅದನ್ನು ಒಯ್ಯುವುದಿಲ್ಲ. ಲೆಕ್ಕಕ್ಕೆ ಬರುವುದು ಒಳ ವಿಸ್ತೀರ್ಣ ಮತ್ತು ಕಟ್ಟುವ ದರ ಮಾತ್ರ. 900 ಚದರ ಅಡಿಗೆ ದರ 1,800 ರೂಪಾಯಿ ಎಂದಿಟ್ಟುಕೊಂಡರೆ ಮೊತ್ತ 16.20 ಲಕ್ಷ. ಅದರ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿಯೇ ದೊರೆಯುತ್ತದೆ. ಒಡವೆಗಳಿಗೆ ಬೇರೆ ರಕ್ಷಣೆ ಪಡೆಯಬೇಕು. ಗೃಹಸಾಲ ಪಡೆದವರು ಇನ್ನೊಂದು ಸಂಗತಿ ನೋಡಬೇಕು. ಸಾಲದ ಜೊತೆಗೆ ಬ್ಯಾಂಕು ಮಾಡಿಸಿದ ವಿಮೆ ಎಷ್ಟೋ ವೇಳೆ ಸಾಲಗಾರನ ಜೀವಕ್ಕೆ, ಮನೆಗಲ್ಲ.

ನಿಜವಾದ ತೊಡಕು ಛಾವಣಿಯ ಬಗೆಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಛಾವಣಿ ಎಂಬುದು ಒಂದೇ ವಸ್ತುವಲ್ಲ. ಬಾದಾಮಿಯ ಹಳೆಯ ಕೇರಿಗಳಲ್ಲಿ ಕಲ್ಲಿನ ಗೋಡೆಯ ಮೇಲೆ ಮಣ್ಣಿನ ಮಾಳಿಗೆ, ಹುನಗುಂದದ ಹಳ್ಳಿಗಳಲ್ಲೂ ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು, ಇಳಕಲ್ಲಿನಲ್ಲಿ ಮಗ್ಗದ ಕೋಣೆಗಳ ಮೇಲೆ ತಗಡು, ನವನಗರದಲ್ಲಿ ಆರ್‌ಸಿಸಿ. ಗೋಡೆ ಅಥವಾ ಛಾವಣಿ ಹಲಗೆ, ಹುಲ್ಲು, ಗರಿ, ಬಿದಿರು, ತಾಡಪತ್ರಿ ಮೊದಲಾದವುಗಳಿಂದ ಆಗಿದ್ದರೆ ವಿಮೆಯ ಭಾಷೆಯಲ್ಲಿ ಅದು ‘ಕಚ್ಚಾ ಕಟ್ಟಡ’. ತಗಡಿನ ಹೆಸರು ಆ ಪಟ್ಟಿಯಲ್ಲಿಲ್ಲ. ಹಲಗೆಯ ಮೇಲೆ ಮೊಳದುದ್ದ ಮಣ್ಣು ಹೊತ್ತು ತಲೆಮಾರುಗಳನ್ನು ಕಂಡ ಮಾಳಿಗೆಯನ್ನು ಯಾವ ಕಲಮಿಗೆ ಸೇರಿಸುವುದು? ಈ ಪ್ರಶ್ನೆಯನ್ನು ಪಾಲಿಸಿ ಕೊಳ್ಳುವ ದಿನವೇ ಕೇಳಿ, ಛಾವಣಿ ಯಾವುದರಿಂದ ಆಗಿದೆ ಎಂದು ಅರ್ಜಿಯಲ್ಲಿ ಬರೆಸಿ, ಪ್ರತಿಯನ್ನು ಇಟ್ಟುಕೊಳ್ಳಬೇಕು. 2009ರ ಸೆಪ್ಟೆಂಬರ್ ಕೊನೆಯ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಕುಸಿದವುಗಳಲ್ಲಿ ಇಂಥ ಮಾಳಿಗೆಗಳೇ ಬಹಳ ಎಂಬುದನ್ನು ನೆನೆದರೆ ಇದು ಬರಿಯ ಶಬ್ದದ ಜಗಳವಲ್ಲವೆಂದು ತಿಳಿದೀತು.

ಎರಡನೆಯ ತೊಡಕು ಕಾರಣದ್ದು. ವಿಮೆ ಗಾಳಿಯಿಂದಾದ ಹಾನಿಗೆ ಹಣ ಕೊಡುತ್ತದೆ, ವರ್ಷಗಳ ಸವೆತಕ್ಕೆ ಕೊಡುವುದಿಲ್ಲ. ಪಂಚನಾಮೆ ಕೇಳುವ ಪ್ರಶ್ನೆ ‘ಶೇಕಡಾ ಎಷ್ಟು ಹಾನಿ?’ ಎಂದು. ಆದರೆ ವಿಮಾ ಕಂಪನಿಯ ಸರ್ವೇಯರ್ (ಹೊಲ ಅಳೆಯುವವನಲ್ಲ, ನಷ್ಟ ಅಳೆಯುವವನು) ಕೇಳುವುದು ‘ಯಾವುದರಿಂದ ಹಾನಿ, ಸರಿಪಡಿಸಲು ಎಷ್ಟು ಖರ್ಚು?’ ಎಂದು. ಪಂಚನಾಮೆ ಅವನಿಗೆ ಒಂದು ಸಾಕ್ಷ್ಯ ಮಾತ್ರ. ಇಳಕಲ್ಲಿನ ನನ್ನ ಪರಿಚಿತರೊಬ್ಬರ ಮನೆಯ ತಗಡು ಹಾರಿದಾಗ, ಬೋಲ್ಟುಗಳು ಮೊದಲೇ ತುಕ್ಕು ಹಿಡಿದಿದ್ದವೆಂಬ ಆಕ್ಷೇಪ ಬಂತು. ಅವರನ್ನು ಕಾಪಾಡಿದ್ದು ಹಿಂದಿನ ವರ್ಷ ತಗಡು ಬಿಗಿಸಿದ ಕಬ್ಬಿಣದಂಗಡಿಯ ರಸೀದಿ ಮತ್ತು ಡಿಶ್ ಆಂಟೆನಾ ಕೂರಿಸುವಾಗ ಮಗ ತೆಗೆದಿದ್ದ ಒಂದು ಫೋಟೊ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕುವವರು ಅಂದೇ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೊಂದಿಲ್ಲ.

ಗಾಳಿ ನಿಂತ ಮೇಲೆ ಮೊದಲು ಕಂಪನಿಗೆ ತಿಳಿಸಿ, ಎಲ್ಲ ಕೋನಗಳಿಂದ ಚಿತ್ರ ತೆಗೆದು, ನಂತರ ತಾಡಪತ್ರಿ ಹೊದಿಸಬೇಕು. ಮುರಿದ ತಗಡನ್ನು ಗುಜರಿಗೆ ಹಾಕಬಾರದು. 2024ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ 24 ಗಂಟೆಗಳಲ್ಲಿ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ವರದಿ ಬರಬೇಕು, ಅನಂತರ 7 ದಿನಗಳಲ್ಲಿ ತೀರ್ಮಾನವಾಗಬೇಕು. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಗೇ ದೂರು ಕೊಟ್ಟು, ಒಂದು ತಿಂಗಳಲ್ಲಿ ಸಮಾಧಾನ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಹಂಗಿಲ್ಲ.

ನೇಕಾರನ ಸ್ಥಿತಿ ಮಾತ್ರ ಬೇರೆ. ಇಳಕಲ್, ಗುಳೇದಗುಡ್ಡಗಳಲ್ಲಿ ಮನೆಯೇ ಕಾರ್ಖಾನೆ. ಛಾವಣಿ ಹೋದರೆ ನೀರು ತುಂಬುವುದು ಮಗ್ಗದ ಕುಣಿಗೆ. ಹಾಳಾಗುವುದು ಹಾಸು, ರೇಷ್ಮೆ, ಅರ್ಧ ನೇಯ್ದ ಸೀರೆ. ಗೃಹ ರಕ್ಷಾ ಪಾಲಿಸಿಯ ‘ಸಾಮಾನು’ ಎಂಬುದು ಗೃಹೋಪಯೋಗಿ ವಸ್ತುಗಳಿಗೆ ಸೀಮಿತ. ಮಗ್ಗ ಮತ್ತು ನೂಲಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪ್ರತ್ಯೇಕ ಪಾಲಿಸಿಯಿದೆ. ಒಂದೇ ಸೂರಿನಡಿ ಬಾಳುವವನು ಎರಡು ಪಾಲಿಸಿ ಹಿಡಿಯಬೇಕೆಂಬುದು ನಗರದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ನಿಯಮ ಎನ್ನದೆ ವಿಧಿಯಿಲ್ಲ.

ಅರ್ಥಶಾಸ್ತ್ರಜ್ಞ ಜೇಮ್ಸ್ ಬುಕ್ಯಾನನ್ 1975ರಲ್ಲಿ ‘ದಯಾಳುವಿನ ಸಂದಿಗ್ಧ’ವೊಂದನ್ನು ವಿವರಿಸಿದರು: ನೆರವು ಬಂದೇ ಬರುತ್ತದೆಂದು ತಿಳಿದವನು ತನ್ನ ಏರ್ಪಾಡು ತಾನು ಮಾಡಿಕೊಳ್ಳುವುದಿಲ್ಲ. ನಮ್ಮಲ್ಲಿ ಇನ್ನೂ ಕೆಟ್ಟ ಸ್ಥಿತಿ. ನೆರವು ಬರುತ್ತದೆ, ಆದರೆ ಸಾಲುವಷ್ಟು ಬರುವುದಿಲ್ಲ; ಬರುವ ನಿರೀಕ್ಷೆಯೇ ವಿಮೆಯನ್ನು ದೂರವಿಡಲು ಸಾಕು. ಇದಕ್ಕೆ ಸರ್ಕಾರದ ಕೈಯಲ್ಲೇ ಒಂದು ದಾರಿಯಿದೆ. ಗೃಹ ರಕ್ಷಾ ಪಾಲಿಸಿಯನ್ನು ಹತ್ತು ವರ್ಷಗಳಿಗೆ ಒಮ್ಮೆಗೇ ಕೊಳ್ಳಬಹುದು. ಬಸವ ವಸತಿಯಂಥ ಯೋಜನೆಯ ಕೊನೆಯ ಕಂತು ಬಿಡುಗಡೆಯಾಗುವಾಗ ಈ ಪ್ರೀಮಿಯಮ್ಮನ್ನೂ ಸರ್ಕಾರವೇ ಸೇರಿಸಿ ತುಂಬಲಿ. ಸಾಕ್ಷ್ಯದ ಚಿಂತೆಯೂ ಬೇಡ. ತಳಪಾಯ, ಲಿಂಟಲ್, ಛಾವಣಿ, ಹೀಗೆ ಪ್ರತಿ ಹಂತದಲ್ಲೂ ಜಿಪಿಎಸ್ ಸಹಿತ ತೆಗೆದ ಪ್ರತಿ ಮನೆಯ ಚಿತ್ರ ರಾಜೀವ್ ಗಾಂಧಿ ವಸತಿ ನಿಗಮದ ಕಂಪ್ಯೂಟರಿನಲ್ಲಿದೆ. ಅದನ್ನು ಮಾಲೀಕನ ಕೈಗೂ ಒಂದು ಪ್ರತಿ ಕೊಡಲು ಹೊಸ ಕಾನೂನೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.